ಅತ್ತೆ ಸೊಸೆ ಹಲ್ಲು ಕಟ್ಟಿಸಿಕೊಂಡ ವರ್ಷ

ನನ್ನ ಮುಂದಿನ ಹಲ್ಲು ಬಿದ್ದದ್ದು ಇಪ್ಪತ್ಮೂರು ಮಕ್ಕಳ ಎದುರಿಗೆ. ಶಿರವಾಳದ ಹತ್ತಿರದ ಒಂದು ಹಳ್ಳಿಯ ಸರಕಾರಿ ಶಾಲೆಯಲ್ಲಿ ನಾನು ಟೀಚರ್. ಒಂದನೇ, ಎರಡನೇ ತರಗತಿಗಳನ್ನು ಕೂಡಿಸಿ ಕಲಿಸುತ್ತೇನೆ. ಮನೆ ಶಹಾಪುರದಲ್ಲಿ. ಅವತ್ತು ಶೇಂಗಾ ಚಿಕ್ಕಿ ಹಂಚುವ ದಿನ. ಮಕ್ಕಳ ಕೈಗೆ ಕೊಡುವ ಮೊದಲು ನಾವೊಂದು ತಿಂದು ನೋಡುವುದು ನಮ್ಮ ಶಾಲೆಯ ರೂಢಿ. ನಾನು ಕಚ್ಚಿದೆ. ಚಿಕ್ಕಿ ಮುರಿಯಲಿಲ್ಲ. ಕೈಗೆ ಬಂದ ಚಿಕ್ಕಿಯಲ್ಲಿ ನನ್ನ ಹಲ್ಲು ಒಂದು ಶೇಂಗಾಕಾಳಿನ ಹಾಗೆ ನೆಟ್ಟುಕೊಂಡಿತ್ತು.

ಇದು ಒಮ್ಮೆಲೇ ಆದದ್ದಲ್ಲ. ಶುಗರ್ ಬಂದು ಆರು ವರ್ಷವಾಗಿತ್ತು. ವಸಡು ಸೋತು, ಮೇಲಿನ ಸಾಲಿನ ಮುಂದಿನ ನಾಲ್ಕು ಹಲ್ಲು ವರ್ಷದಿಂದ ಅಲುಗಾಡುತ್ತಿದ್ದವು. ನಾಲಿಗೆ ತಾಗಿಸಿದರೆ ಸಾಕು, ಹಿಂದೆ ಮುಂದೆ ತೂಗುತ್ತಿದ್ದವು. ನಾಳೆ ಡಾಕ್ಟರ ಹತ್ತಿರ ಹೋದರಾಯಿತು ಎಂದು ದಿನ ತಳ್ಳಿದ್ದೆ. ಆ ನಾಳೆ ಚಿಕ್ಕಿಯ ಮೂಲಕ ಬಂತು.

ನಾನು ಸೆರಗು ಬಾಯಿಗೆ ಒತ್ತಿಕೊಂಡು ನಿಂತೆ. ನಾಚಿಕೆಯಿಂದ ಕಿವಿ ಬಿಸಿಯಾದವು. ಮುಂದಿನ ಸಾಲಿನಲ್ಲಿ ಕೂಡುತ್ತಿದ್ದ ಒಬ್ಬ ಹುಡುಗಿ ಎದ್ದು ಬಂದಳು. ಅವಳ ಮೇಲಿನ ಎರಡು ಹಲ್ಲು ಹೋದ ವಾರವಷ್ಟೇ ಬಿದ್ದಿದ್ದವು. ನನ್ನ ಕೈಯೊಳಗೆ ಇಣುಕಿ ನೋಡಿ ಅವಳು ಬಹಳ ಸಮಾಧಾನದಿಂದ ಕೇಳಿದಳು:

"ನಿಮ್ದೂ ಬಿತ್ತೇನ್ರಿ ಟೀಚರ್ರಿ?"

"ಹೂಂ, ಬಿತ್ತು."

"ಅಂಜಬ್ಯಾಡ್ರಿ. ಸಗಣ್ಯಾಗ ಇಟ್ಟು ಮಾಳಿಗಿ ಮ್ಯಾಲ ಒಗದ್ರ ಹೊಸಾದ ಬರ್ತದ. ನಂದ ಬರಾಕತ್ಯಾದ ನೋಡ್ರಿ."

ಅವಳು ತುಟಿ ಎತ್ತಿ ತೋರಿಸಿದಳು. ವಸಡಿನಲ್ಲಿ ಅಕ್ಕಿಕಾಳಿನಷ್ಟು ಬಿಳುಪು. ತರಗತಿಯ ಅರ್ಧ ಮಕ್ಕಳಿಗೆ ಹಲ್ಲು ಬೀಳುವ ವಯಸ್ಸು. ಅವರ ಲೆಕ್ಕದಲ್ಲಿ ಆಗಬಾರದ್ದೇನೂ ಆಗಿರಲಿಲ್ಲ, ಟೀಚರಿಗೂ ಸರದಿ ಬಂದಿತ್ತು, ಅಷ್ಟೇ. ಯಾರೋ ಓಡಿಹೋಗಿ ಸಗಣಿ ತಂದರು. ಹುಡುಗಿ ಉಂಡೆ ಕಟ್ಟಿ ಹಲ್ಲನ್ನು ಅದರೊಳಗೆ ಒತ್ತಿದಳು. ಎಲ್ಲರೂ ಅಂಗಳಕ್ಕೆ ಹೋದೆವು. ನಾನೇ ಒಗೆಯಬೇಕೆಂದು ಮಕ್ಕಳು ಹಟ ಹಿಡಿದರು. ಮೊದಲ ಸಲ ಗೋಡೆಗೆ ಬಡಿದು ಕೆಳಗೆ ಬಿತ್ತು. ಎರಡನೇ ಸಲ ಶಾಲೆಯ ಛತ್ತಿನ ಮೇಲೆ ಹೋಯಿತು. ಇಪ್ಪತ್ಮೂರು ಮಕ್ಕಳು ಚಪ್ಪಾಳೆ ಹೊಡೆದರು. ನಲವತ್ತೇಳು ವರ್ಷದ ನಾನೂ ನಕ್ಕುಬಿಟ್ಟೆ, ಬಾಯಿ ಮುಚ್ಚಿಕೊಳ್ಳುವುದನ್ನು ಮರೆತು.

ಮನೆಗೆ ಬಂದಾಗ ಅತ್ತೆ ಹೊಸ್ತಿಲಲ್ಲಿ ಕೂತು ಪುಂಡಿ ಸೊಪ್ಪು ಬಿಡಿಸುತ್ತಿದ್ದರು. ಅವರಿಗೆ ಆಗ ಎಪ್ಪತ್ತೆರಡು. ಹತ್ತು ವರ್ಷದಿಂದ ಬಾಯಿ ಪೂರ್ತಿ ಬೋಳು. ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ನುಂಗುವುದು ಅವರಿಗೆ ರೂಢಿಯಾಗಿಬಿಟ್ಟಿತ್ತು. ನನ್ನ ಮುಖ ನೋಡಿದ ಕೂಡಲೇ ಅವರಿಗೆ ತಿಳಿಯಿತು.

"ಬಾ ಯವ್ವಾ, ನೀನೂ ನನ್ನ ಸಾಲಿಗಿ ಬಂದಿ."

"ನಾ ನಿಮ್ಮ ಸಾಲಿಗಿ ಬರಂಗಿಲ್ಲ ಅತ್ತಿ. ಯಾದಗಿರಿಗಿ ಹೋಗಿ ಹಲ್ಲ ಕಟ್ಟಿಸ್ಕೊಂತೀನಿ."

"ಕಟ್ಟಿಸ್ಕೊ. ನಾ ಏನ್ ಹಲ್ಲಿಲ್ದ ಸತ್ತೀನೇನು?" ಎಂದು ಅವರು ಸೊಪ್ಪಿನ ಕಡೆ ತಿರುಗಿದರು.

ಮೊದಲ ಸಲ ಯಾದಗಿರಿಗೆ ನನ್ನ ಗಂಡ ಜೊತೆಗೆ ಬಂದರು. ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ, ಒಂದು ಚಪ್ಪಲಿ ಅಂಗಡಿಯ ಮೇಲೆ ದಂತವೈದ್ಯೆಯ ಕೋಣೆ. ವೈದ್ಯೆ ಮೂವತ್ತರ ಒಳಗಿನವಳು, ಮಾತು ಚುರುಕು. ಉಳಿದ ಮೂರೂ ನಿಲ್ಲುವುದಿಲ್ಲ, ತೆಗೆಯಬೇಕು ಎಂದಳು. ತೆಗೆದ ಮೇಲೆ ವಸಡು ಒಣಗಿ ಗಟ್ಟಿಯಾಗಲು ಮೂರು ತಿಂಗಳು ಬೇಕು, ಅಲ್ಲಿಯವರೆಗೆ ಶುಗರ್ ಹದ್ದುಬಸ್ತಿನಲ್ಲಿಡಬೇಕು, ಆಮೇಲೆ ಹಾಕಿ ತೆಗೆಯುವ ಹಲ್ಲು ಕಟ್ಟಿಕೊಡುತ್ತೇನೆ ಎಂದು ಬಿಡಿಸಿ ಹೇಳಿದಳು. ಎರಡು ವಾರದೊಳಗೆ ಮೂರೂ ಹೋದವು.

ಆ ಮೂರು ತಿಂಗಳು ನಾನು ಮಾಸ್ಕ್ ಹಾಕಿಕೊಂಡು ಬಸ್ಸು ಹತ್ತುತ್ತಿದ್ದೆ. ತರಗತಿಯೊಳಗೆ ಮಾತ್ರ ತೆಗೆಯಲೇಬೇಕು. ತುಟಿ, ನಾಲಿಗೆ ಹೇಗೆ ಆಡುತ್ತವೆಂದು ಕಾಣದಿದ್ದರೆ ಸಣ್ಣ ಮಕ್ಕಳು ಅಕ್ಷರ ಹೇಗೆ ಹಿಡಿಯಬೇಕು? ಆದರೆ ಹಲ್ಲಿಲ್ಲದ ಬಾಯಿಗೆ ಎಲ್ಲಕ್ಕಿಂತ ಕಷ್ಟವಾದದ್ದು 'ಸ'. ನಾಲಿಗೆಯ ತುದಿಗೆ ಗೋಡೆಯೇ ಇಲ್ಲದಂತಾಗಿ ಗಾಳಿ ಹೊರಗೆ ಹಾರಿಹೋಗುತ್ತಿತ್ತು. ನಮ್ಮ ಸೀಮೆಯಲ್ಲಿ ಶಾಲೆಯೆಂದರೆ ಸಾಲಿ, ಶನಿವಾರವೆಂದರೆ ಸನಿವಾರ. ಇಪ್ಪತ್ತು ವರ್ಷ ಮಕ್ಕಳ ಬಾಯಿಂದ 'ಶ' ಹೊರಡಿಸಲು ಹೆಣಗಿದವಳು ನಾನು. ಈಗ ನನಗೇ 'ಸ' ಹೊರಡದು.

ಒಂದು ದಿನ ಉಕ್ತಲೇಖನ ಕೊಟ್ಟೆ. 'ಸಸಿಗೆ ನೀರು ಹಾಕು' ಎಂದು ಹೇಳಿದೆ. ಹೆಡ್‌ಮಾಸ್ತರರು ಆ ಹೊತ್ತಿಗೆ ಬಂದು, ನಾಲ್ಕೈದು ನೋಟ್‌ಬುಕ್ಕು ಎತ್ತಿ ನೋಡಿದರು. ನಿಧಾನವಾಗಿ ಇನ್ನೂ ಐದಾರು ನೋಡಿದರು. ಅವರ ಮೀಸೆ ಅಲುಗಿತು.

"ಟೀಚರ್, ನಿಮ್ಮ ಮಕ್ಕಳೆಲ್ಲಾ ಚಂದ್ರಾಮಗ ನೀರ ಹಾಕಾಕತ್ಯಾರಲ್ರಿ."

ನೋಡಿದರೆ ಎಲ್ಲ ನೋಟ್‌ಬುಕ್ಕಿನಲ್ಲೂ 'ಶಶಿಗೆ ನೀರು ಹಾಕು' ಎಂದಿತ್ತು. ಒಬ್ಬರೂ ಬೇರೆ ಬರೆದಿರಲಿಲ್ಲ. ನಾನು ಹೇಳಿದ್ದನ್ನೇ ಅವರು ಕೇಳಿದ್ದರು, ಕೇಳಿದ್ದನ್ನೇ ಚೊಕ್ಕವಾಗಿ ಬರೆದಿದ್ದರು. ನಾನು ನಗುತ್ತ ಸೆರಗು ಬಾಯಿಗೆ ತಂದುಕೊಂಡೆ. ಹೆಡ್‌ಮಾಸ್ತರರು ಒಳ್ಳೆಯವರು. "ಹಲ್ಲಿನ ಅಳತಿಗಿ ಯಾವಾಗ ಹೋಗೋದದ? ಆ ದಿನ ನಿಮ್ಮ ಕ್ಲಾಸ್ ನಾ ನೋಡ್ಕೊಂತೀನಿ, ಫಿಕರ್ ಮಾಡಬ್ಯಾಡ್ರಿ" ಎಂದು ಹೇಳಿ ಹೋದರು.

ಅಳತೆಯ ದಿನ ಗಂಡನಿಗೆ ಬಿಡುವಿರಲಿಲ್ಲ. ಜೋಡಿಗೆ ಇರಲಿ ಎಂದು ಅತ್ತೆ ಹೊರಟರು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ದಾರಿಯುದ್ದಕ್ಕೂ ತೊಗರಿ ಹೊಲ ನೋಡುತ್ತ, ಭೀಮಾ ಸೇತುವೆ ಬಂದಾಗ ಕೈ ಮುಗಿದು, ಬಹಳ ಖುಷಿಯಲ್ಲಿದ್ದರು. ನಾನು ಮಾತ್ರ ಮಾಸ್ಕಿನೊಳಗೆ ನಾಲಿಗೆಯಿಂದ ಬರಿ ವಸಡು ಸವರುತ್ತಿದ್ದೆ. ಮದುವೆಯ ಸೀರೆ ತರಲು ಹೋಗುವಾಗಲೂ ನಾನು ಇಷ್ಟು ಕಾತರಪಟ್ಟಿರಲಿಲ್ಲ.

ವೈದ್ಯೆ ನನ್ನ ಬಾಯಿಗೆ ಒಂದು ಲೋಹದ ತಟ್ಟೆಯಲ್ಲಿ ಗುಲಾಬಿ ಬಣ್ಣದ ಹಿಟ್ಟು ತುಂಬಿ ಒತ್ತಿ ಹಿಡಿದಳು. ಕಣಕದ ಹಾಗೆ ಮೆತ್ತಗೆ, ತಣ್ಣಗೆ. ವಾಕರಿಕೆ ಬಂದಾಗ "ಮೂಗಿನಿಂದ ಉಸರ ತಗೋರಿ, ಕಾಲಿನ ಹೆಬ್ಬೆರಳ ಅಲ್ಲಾಡಸ್ರಿ" ಎಂದಳು. ಹೆಬ್ಬೆರಳಿಗೂ ವಾಕರಿಕೆಗೂ ಏನು ಸಂಬಂಧವೋ, ಅಲ್ಲಾಡಿಸಿದೆ, ನಿಂತಿತು. ಹಿಟ್ಟು ಗಟ್ಟಿಯಾಗಿ ಹೊರಗೆ ಬಂದಾಗ ನನ್ನ ಬಾಯಿ ಅದರಲ್ಲಿ ಅಚ್ಚೊತ್ತಿತ್ತು.

ಅಷ್ಟರಲ್ಲಿ ಅತ್ತೆ ಎದ್ದು ಗೋಡೆಯ ಕಪಾಟಿನ ಮುಂದೆ ನಿಂತಿದ್ದರು. ಅಲ್ಲಿ ಸುಣ್ಣದಂತೆ ಬೆಳ್ಳಗಿನ ಬಾಯಿಯ ಅಚ್ಚುಗಳು ಸಾಲಾಗಿದ್ದವು.

"ಇವು ಯಾರ ಬಾಯವ್ವಾ?"

"ಅದು ರಾಮಸಮುದ್ರದ ಒಬ್ಬ ಮುತ್ಯಾಂದ್ರಿ. ಎಂಬತ್ತು ವರ್ಷ ಆಗ್ಯಾವ. ಪೂರಾ ಸೆಟ್ ಮಾಡಿಕೊಟ್ಟೀನಿ. ಕಬ್ಬ ತಿಂದೆ ಅಂತ ಮೊನ್ನಿ ಬಂದು ಸುಳ್ಳ ಹೇಳಿ ಹೋಗ್ಯಾರ."

"ಒಂದೂ ಹಲ್ಲಿಲ್ದಾಂವಗೂ ಕಟ್ಟತೀರಿ?"

"ಒಂದೂ ಇಲ್ದಿದ್ರ ಇನ್ನೂ ಸಾಫ್ ಕೆಲಸ್ರಿ ಅಮ್ಮ. ಬರ್ರಿ, ಕುಂದರ್ರಿ. ಬರೇ ನೋಡ್ತೀನಿ."

ಅತ್ತೆ ನನ್ನ ಕಡೆ ನೋಡಿದರು. ನಾನು ಬಾಯಿ ಮುಕ್ಕಳಿಸುತ್ತಿದ್ದೆ. ಅವರು ಕುರ್ಚಿಯ ಮೇಲೆ ಹತ್ತಿ, ಸೀರೆಯ ನೆರಿಗೆ ಸರಿಮಾಡಿಕೊಂಡು, ಯಾರೋ ಫೋಟೋ ಹೊಡೆಯುತ್ತಾರೆ ಎನ್ನುವಂತೆ ನೆಟ್ಟಗೆ ಕೂತರು. ವೈದ್ಯೆ ಬೆರಳಿನಿಂದ ವಸಡು ಒತ್ತಿ ನೋಡಿದಳು.

"ಯಾವೂರ ಅಮ್ಮ ನಿಮ್ಮ ತವರಮನಿ?"

ಬಾಯಲ್ಲಿ ಬೆರಳಿತ್ತು. "ಉಹುಹುಹ" ಎಂದರು ಅತ್ತೆ.

"ಸುರಪುರ ಏನ್ರಿ? ನಮ್ದೂ ಸುರಪುರ." ವೈದ್ಯೆ ಬೆರಳು ತೆಗೆದಳು. "ವಸಡ ಗಟ್ಟಿ ಅದ. ಎಲುಬು ಸವದಿಲ್ಲ. ಹತ್ತು ವರ್ಷ ಹಲ್ಲಿಲ್ದ ಇಷ್ಟ ಛಲೋ ಉಳಿಯೋದು ಅಪರೂಪ. ಸೆಟ್ ಬರೋಬರಿ ಕೂಡ್ತದ."

ಅತ್ತೆ ಕುರ್ಚಿಯಲ್ಲೇ ಕೂತು ಸೆರಗಿನಿಂದ ಬಾಯಿ ಒರೆಸಿಕೊಂಡರು. ಆಮೇಲೆ, ಕಾಯಿಪಲ್ಯೆ ಅಂಗಡಿಯಲ್ಲಿ ಬದನೆಕಾಯಿ ಆರಿಸಿದ ಧಾಟಿಯಲ್ಲಿ, "ಹಾಂಗಾದ್ರ ನಂದೂ ಅಳತಿ ತಗೊಳವ್ವಾ" ಎಂದರು.

ಮರಳುವಾಗ ಬಸ್ಸಿನಲ್ಲಿ ಇಬ್ಬರೂ ಅಕ್ಕಪಕ್ಕ ಕೂತೆವು. ಸ್ವಲ್ಪ ದೂರ ಹೋದ ಮೇಲೆ ಅವರು ನನ್ನ ತೊಡೆಗೆ ಮೊಣಕೈ ತಿವಿದು ನಕ್ಕರು. ನಾನೂ ನಕ್ಕೆ. ಇಪ್ಪತ್ತೆರಡು ವರ್ಷ ಒಂದೇ ಒಲೆಯ ಮುಂದೆ ಬದುಕಿದ ನಾವು ಹೀಗೆ ಕಾರಣ ಹೇಳದೆ ನಕ್ಕದ್ದು ಅದೇ ಮೊದಲು.

ಮುಂದಿನ ಸಲ ವೈದ್ಯೆ ಮೇಣದ ಕಟ್ಟೆ ಕಚ್ಚಿಸಿ, ಮೇಲಿನ ದವಡೆ ಕೆಳಗಿನ ದವಡೆ ಹೇಗೆ ಕೂಡುತ್ತವೆಂದು ನೋಡಿದಳು. ಅದರ ಮುಂದಿನ ಸಲ ಬಣ್ಣ ಆರಿಸುವುದು. ಬೀಗದ ಕೈಗೊಂಚಲಿನ ಹಾಗೆ ಒಂದು ಕಡ್ಡಿಗೆ ಹದಿನೈದಿಪ್ಪತ್ತು ಹಲ್ಲು ನೇತುಹಾಕಿದ್ದರು, ಒಂದೊಂದು ಒಂದೊಂದು ಛಾಯೆ. ನಾನು ಎಲ್ಲಕ್ಕಿಂತ ಬಿಳಿಯದನ್ನು ತೋರಿಸಿದೆ. ವೈದ್ಯೆ ಅದನ್ನು ನನ್ನ ಉಳಿದ ಹಲ್ಲಿನ ಪಕ್ಕ ಹಿಡಿದು ಕನ್ನಡಿ ಕೊಟ್ಟಳು. ಸಣ್ಣಂದಿನಿಂದ ಬೋರಿನ ನೀರು ಕುಡಿದು ನನ್ನ ಹಲ್ಲಿನ ಮೇಲೆ ಕಂದು ಗೆರೆಗಳಿವೆ. ಅವುಗಳ ನಡುವೆ ಆ ಬಿಳಿ ಹಲ್ಲು ಹಳೇ ಗೋಡೆಗೆ ಹೊಸ ಟೈಲ್ಸ್ ಹಚ್ಚಿದಂತೆ ಕಂಡಿತು. ಮನಸ್ಸಿಲ್ಲದೆ ಹಳದಿಯದಕ್ಕೆ ಒಪ್ಪಿದೆ.

ಅತ್ತೆಯ ಸರದಿ ಬಂತು. ವೈದ್ಯೆ ಅವರ ವಯಸ್ಸಿಗೆ ಹೊಂದುವಂತೆ ತುಸು ಮಾಸಲು ಬಣ್ಣ ಎತ್ತಿ ಹಿಡಿದಳು. ಅತ್ತೆ ಒಪ್ಪಲಿಲ್ಲ.

"ನಂಗ ಬಿಳೇದ ಬೇಕು. ಹಾಲಿನಂಗ."

"ವಯಸ್ಸಿಗಿ ಹೊಂದಂಗಿಲ್ರಿ ಅಮ್ಮ. ನೋಡಿದೋರಿಗಿ ಗೊತ್ತಾಗ್ತದ."

"ಗೊತ್ತಾಗ್ಲಿ. ಸೊಸಿ ಬಾಯಾಗ ಹಳೇ ಹಲ್ಲ ಅವ, ಅವುಕ್ಕ ಹೊಂದಬೇಕು. ನನ್ನ ಬಾಯಾಗ ಹೊಂದಸಾಕ ಯಾರದಾರ?"

ವೈದ್ಯೆ ಬಿಳಿಯದೇ ಬರೆದುಕೊಂಡಳು.

ಶಾಲೆಯಲ್ಲಿ ಮಕ್ಕಳು ದಿನ ಎಣಿಸುತ್ತಿದ್ದರು. 'ಮುಂದಿನ ಸೋಮವಾರ ಟೀಚರ್ ಹಲ್ಲು ಬರುತ್ತವೆ' ಎಂದು ನಾನು ಬಾಯಿಬಿಟ್ಟು ಹೇಳಿದ್ದೇ ತಪ್ಪಾಯಿತು. ಕರಿಹಲಗೆಯ ಮೂಲೆಯಲ್ಲಿ ಒಂಬತ್ತು ಎಂದು ಬರೆದು, ದಿನಾ ಬೆಳಿಗ್ಗೆ ಒರೆಸಿ ಒಂದು ಕಡಿಮೆ ಮಾಡುವ ಕೆಲಸವನ್ನು ಆ ಮುಂದಿನ ಸಾಲಿನ ಹುಡುಗಿ ವಹಿಸಿಕೊಂಡಳು. ಭಾನುವಾರದ್ದನ್ನು ಶನಿವಾರವೇ ಒರೆಸಬೇಕೋ ಬೇಡವೋ ಎಂದು ಎರಡನೇ ತರಗತಿಯವರ ಜೊತೆ ದೊಡ್ಡ ಜಗಳವೂ ಆಯಿತು. ಕಳೆಯುವ ಲೆಕ್ಕವನ್ನು ಅಷ್ಟು ಚೆನ್ನಾಗಿ ನಾನು ಯಾವ ವರ್ಷವೂ ಕಲಿಸಿಲ್ಲ.

ಹಲ್ಲು ಹಾಕಿಸುವ ಶನಿವಾರ ಶಾಲೆ ಮಧ್ಯಾಹ್ನಕ್ಕೆ ಬಿಟ್ಟಿತು. ಅತ್ತೆ ಬಸ್‌ಸ್ಟ್ಯಾಂಡಿಗೇ ಬಂದು ಕಾಯುತ್ತಿದ್ದರು, ಇಳಕಲ್ಲು ಸೀರೆ ಉಟ್ಟು. ಆ ಸೀರೆ ಮದುವೆ ಮುಂಜಿಗೆ ಮಾತ್ರ ಪೆಟ್ಟಿಗೆಯಿಂದ ಹೊರಬರುವಂಥದು.

ಯಾದಗಿರಿಯಲ್ಲಿ ನನ್ನದು ಮೊದಲು. ಅಂಗುಳಕ್ಕೆ ಅಂಟುವ ಗುಲಾಬಿ ತಗಡು, ಅದಕ್ಕೆ ನಾಲ್ಕು ಹಲ್ಲು, ಎರಡೂ ಕಡೆ ದವಡೆ ಹಲ್ಲಿಗೆ ಸಿಕ್ಕಿಕೊಳ್ಳುವ ತಂತಿಯ ಕೊಕ್ಕೆ. ಟಕ್ ಎಂದು ಕೂತಿತು. ಬಾಯಿ ತುಂಬ ಯಾರದೋ ಚಮಚ ಇಟ್ಟುಕೊಂಡ ಹಾಗೆ, ಜೊಲ್ಲು ಊರತೊಡಗಿತು. ಕನ್ನಡಿ ನೋಡಿದೆ. ಬಣ್ಣ ಆರಿಸಿದ ದಿನವೊಂದು ಬಿಟ್ಟರೆ, ಮೂರು ತಿಂಗಳು ನಾನು ಕನ್ನಡಿಯ ಮುಂದೆ ತುಟಿ ಬಿಚ್ಚಿರಲಿಲ್ಲ. ಈಗ ಬಿಚ್ಚಿದೆ, ಮುಚ್ಚಿದೆ, ಮತ್ತೆ ಬಿಚ್ಚಿದೆ.

"ಏನರ ಮಾತಾಡ್ರಿ" ಎಂದಳು ವೈದ್ಯೆ.

"ಸಸಿ" ಎಂದೆ. ಕುಕ್ಕರಿನ ಸೀಟಿಯ ಹಾಗೆ 'ಸ್ಸ್' ಎಂದು ಸಿಳ್ಳೆ ಹೊರಟಿತು. ಆದರೂ ಅದು 'ಸ'. ನೂರಕ್ಕೆ ನೂರು 'ಸ'. ನಾಲ್ಕು ದಿನದಲ್ಲಿ ಸಿಳ್ಳೆ ಹೋಗುತ್ತದೆ, ಗಟ್ಟಿಯಾಗಿ ಓದುತ್ತ ಇರಿ ಎಂದಳು.

ಆಮೇಲೆ ಅತ್ತೆ. ಮೇಲಿನ ಸೆಟ್ಟು, ಕೆಳಗಿನ ಸೆಟ್ಟು ಎರಡೂ ಹಾಕಿಸಿಕೊಂಡು ಅವರು ಕನ್ನಡಿ ತೆಗೆದುಕೊಳ್ಳಲಿಲ್ಲ. ನನ್ನ ಕಡೆ ತಿರುಗಿದರು. ಒಳಗೆ ಬಿದ್ದಿದ್ದ ಗಲ್ಲ ತುಂಬಿತ್ತು. ಮೂಗು ಗದ್ದದ ನಡುವೆ ಮತ್ತೆ ಜಾಗ ಹುಟ್ಟಿತ್ತು. ತುಟಿಗೆ ಅಂಚು ಬಂದಿತ್ತು. ಹಾಲಿನಂಥ ಹಲ್ಲು ನಿಜವಾಗಿ ವಯಸ್ಸಿಗೆ ಹೊಂದುತ್ತಿರಲಿಲ್ಲ, ಆದರೆ ಇಳಕಲ್ಲು ಸೀರೆಗೆ ಬಹಳ ಹೊಂದುತ್ತಿತ್ತು.

"ಹೆಂಗ ಕಾಣ್ತೀನಿ?" ಎಂದರು, ನಾಲಿಗೆ ತೊಡರಿಸುತ್ತ.

"ಛಂದ ಕಾಣ್ತೀರಿ ಅತ್ತಿ" ಎಂದೆ. ನನ್ನ ಕಣ್ಣು ತುಂಬಿದ್ದನ್ನು ನೋಡಿ ಅವರು ಆಮೇಲೆ ಕನ್ನಡಿ ಕೇಳಿದರು.

ಸೋಮವಾರ ನಾನು ತರಗತಿಯ ಬಾಗಿಲಲ್ಲಿ ನಿಂತಾಗ ಮಕ್ಕಳೆಲ್ಲ ಆಗಲೇ ಕೂತಿದ್ದರು. ಒಬ್ಬರೂ ತಡವಾಗಿ ಬಂದಿರಲಿಲ್ಲ. ಗದ್ದಲವಿಲ್ಲ. ಮುಂದಿನ ಸಾಲಿನ ಹುಡುಗಿ, "ನಗ್ರಿ ಟೀಚರ್ರಿ" ಎಂದಳು. ನಕ್ಕೆ. ಹೋ ಎಂದು ಎದ್ದ ಗದ್ದಲಕ್ಕೆ ಹೆಡ್‌ಮಾಸ್ತರರು ತಮ್ಮ ಕೋಣೆಯಿಂದ ಓಡಿ ಬಂದರು.

ಹುಡುಗಿ ನನ್ನ ಹತ್ತಿರ ಬಂದು ತನ್ನ ಹಲ್ಲು ತೋರಿಸಿದಳು. ಎರಡೂ ಅರ್ಧ ಬಂದು ನಿಂತಿದ್ದವು. "ನಂದು ಇನ್ನ ಅರ್ಧಾನೇ ಬಂದಾವ. ನಿಮ್ದು ಒಮ್ಮೆಕ್ಕೆ ನಾಕೂ ಬಂದಾವಲ್ರಿ" ಎಂದಳು, ಸ್ವಲ್ಪ ಹೊಟ್ಟೆಕಿಚ್ಚಿನಿಂದ.

ಹೌದೆಂದುಬಿಡಬಹುದಿತ್ತು. ಆದರೆ ಮಕ್ಕಳಿಗೆ ಸುಳ್ಳು ಹೇಳಲು ಮನಸ್ಸಾಗಲಿಲ್ಲ. ದೊಡ್ಡವರ ಹಲ್ಲು ಬಿದ್ದರೆ ಮತ್ತೆ ಹುಟ್ಟುವುದಿಲ್ಲ, ಇವನ್ನು ಯಾದಗಿರಿಯ ಡಾಕ್ಟರು ಮಾಡಿಕೊಟ್ಟಿದ್ದಾರೆ ಎಂದು ಹೇಳಿ, ಹಿಂದಕ್ಕೆ ತಿರುಗಿ ತೆಗೆದು, ಅಂಗೈಯಲ್ಲಿಟ್ಟು ತೋರಿಸಿದೆ. ಹಿಂದಿನ ಸಾಲಿನವರು ಬೆಂಚು ಹತ್ತಿ ನೋಡಿದರು. ಇಬ್ಬರು ಹೆದರಿ ಕಣ್ಣು ಮುಚ್ಚಿಕೊಂಡು ಬೆರಳ ಸಂದಿಯಿಂದ ನೋಡಿದರು. ಹುಡುಗಿ ಮಾತ್ರ ಬಹಳ ಹೊತ್ತು ಯೋಚಿಸಿ, "ಡಾಕ್ಟರ್‌ಗಿ ಹಲ್ಲ ಎಲ್ಲಿ ಸಿಗ್ತಾವ್ರಿ? ಮಾಳಿಗಿ ಮ್ಯಾಲ ಹುಡಕತಾರೇನ್ರಿ?" ಎಂದಳು. ಅದಕ್ಕೆ ನನ್ನ ಹತ್ತಿರ ಉತ್ತರವಿತ್ತು. ಆದರೆ ಅಷ್ಟರಲ್ಲಿ ಎಲ್ಲರೂ, ಮತ್ತೊಮ್ಮೆ ಹಾಕಿ ತೆಗೆಯಿರಿ ಎಂದು ಗಂಟು ಬಿದ್ದರು.

ಅದೇ ವಾರ ಹಳೆಯ ಉಕ್ತಲೇಖನವನ್ನು ಮತ್ತೆ ಕೊಟ್ಟೆ. ಇಪ್ಪತ್ಮೂರರಲ್ಲಿ ಇಪ್ಪತ್ತು ಮಕ್ಕಳು ಸಸಿಗೆ ನೀರು ಹಾಕಿದರು.

ನನಗೆ ಅಷ್ಟು ಸುಲಭವಾದದ್ದು ಅತ್ತೆಗೆ ಆಗಲಿಲ್ಲ. ನನ್ನವು ಕೊಕ್ಕೆಯ ಆಸರೆಯಲ್ಲಿ ನಿಂತಿದ್ದವು. ಅವರ ಸೆಟ್ಟಿಗೆ ಹಿಡಿದುಕೊಳ್ಳಲು ಹಲ್ಲೇ ಇಲ್ಲ. ಮೇಲಿನದು ಅಂಟಿಕೊಂಡು ನಿಲ್ಲುತ್ತಿತ್ತು, ಕೆಳಗಿನದು ಮಾತು ಮಾತಿಗೂ ಎದ್ದು ಕುಣಿಯುತ್ತಿತ್ತು. ಮೂರನೇ ದಿನಕ್ಕೆ ವಸಡಿನಲ್ಲಿ ಹುಣ್ಣಾಯಿತು. ಸೆಟ್ಟನ್ನು ತೊಳೆದು, ಸ್ಟೀಲ್ ಡಬ್ಬಿಯ ನೀರಿನಲ್ಲಿ ಹಾಕಿ, ಮುಚ್ಚಳ ಬಿಗಿದು, ದೇವರ ಗೂಡಿನ ಪಕ್ಕ ಇಟ್ಟರು.

"ನಂಗ ತಕಲೀಫ್ ಬ್ಯಾಡವ್ವಾ. ಸಾರನ್ಯಾಗಿನ ರೊಟ್ಟಿ ಏನ್ ಕೆಟ್ಟದ?"

ಎಂಟು ದಿನ ಹಾಗೇ ಹೋಯಿತು. ನನಗೆ ಸಂಕಟ. ನಾನು ಅಂಗಳದಲ್ಲಿ ನಿಂತು ನಕ್ಕು ಮಾತಾಡುತ್ತಿದ್ದರೆ ಅವರು ಒಳಗೆ ಹೋಗಿಬಿಡುತ್ತಿದ್ದರು. ಒಂಬತ್ತನೇ ದಿನ ಡಬ್ಬಿಯನ್ನು ಚೀಲಕ್ಕೆ ಹಾಕಿ, ಅವರನ್ನು ಎಬ್ಬಿಸಿಕೊಂಡು ಯಾದಗಿರಿಗೆ ಹೋದೆ. ವೈದ್ಯೆ ಒತ್ತುವ ಜಾಗ ಗುರುತಿಸಿ ಉಜ್ಜಿ ತೆಗೆದಳು. "ಎರಡೂ ದವಡಿಯಿಂದ ಅಗೀರಿ ಅಮ್ಮ. ಒಂದೇ ಕಡಿ ಅಗದ್ರ ಏಳ್ತದ. ಮೊದಲು ಉಪ್ಪಿಟ್ಟು, ಆಮ್ಯಾಲ ಬಿಸಿ ರೊಟ್ಟಿ. ಗಟ್ಟಿ ತಿನ್ನಾಕ ಅವಸರ ಮಾಡಬ್ಯಾಡ್ರಿ" ಎಂದು ಕೈ ಹಿಡಿದು ಹೇಳಿದಳು.

ಅಂದಿನಿಂದ ಸಂಜೆ ನಮ್ಮ ಮನೆಯಲ್ಲಿ ಇನ್ನೊಂದು ಶಾಲೆ ಶುರುವಾಯಿತು. ನಾನು ರೊಟ್ಟಿ ಬಡಿಯುತ್ತಿದ್ದೆ, ಅವರು ಎದುರಿಗೆ ಕೂತು ಮಾತು ರೂಢಿಸುತ್ತಿದ್ದರು. ಪುಸ್ತಕ ಓದಲು ಅವರಿಗೆ ಬಾರದು. ಅದಕ್ಕೆ ಬಸ್ಸಿನ ಕಂಡಕ್ಟರನ ಹಾಗೆ ಊರುಗಳ ಹೆಸರು ಕೂಗಿರಿ ಎಂದೆ. ಕೊಡೇಕಲ್, ಶಹಾಪುರ, ಯಾದಗಿರಿ ಬೇಗ ಬಂದವು. ಸುರಪುರ ಮಾತ್ರ ಬಹಳ ದಿನ ಕೈಕೊಟ್ಟಿತು. 'ಶುರುಪುರ' ಎಂದು ಹೊರಟು ನಡುವೆ ಕೆಳಗಿನ ಸೆಟ್ಟು ಎದ್ದುಬಿಡುತ್ತಿತ್ತು. ಬೇಸಿಗೆ ರಜೆ ಬಂದ ಮೇಲೆ ಒಂದು ಬೆಳಿಗ್ಗೆ ಅವರು ಬಚ್ಚಲಿನಿಂದಲೇ "ಸುರಪುರ, ಸುರಪುರ, ಸುರಪುರ" ಎಂದು ಕೂಗುತ್ತ ಹೊರಗೆ ಬಂದರು. ತೊಡರಿಲ್ಲ, ಸಿಳ್ಳೆಯಿಲ್ಲ.

"ಹಾಂಗಾದ್ರ ನಡೀರಿ, ಹೋಗೇ ಬರೂಣು" ಎಂದೆ.

ಸುರಪುರದಲ್ಲಿ ಅವರ ತಂಗಿ ಇದ್ದಾರೆ, ಮೂರು ವರ್ಷಕ್ಕೆ ಸಣ್ಣವರು. ಹಲ್ಲಿನ ಸುದ್ದಿ ಅವರಿಗೆ ಹೇಳಿರಲಿಲ್ಲ. ನಾವು ಹೋದಾಗ ಅವರು ಕಟ್ಟೆಯ ಮೇಲೆ ಶೇಂಗಾ ಒಡೆಯುತ್ತಿದ್ದರು. ಬಿಸಿಲಿಗೆ ಕೈ ಅಡ್ಡ ಹಿಡಿದು ನೋಡಿದರು. ಅತ್ತೆ ಮೆಟ್ಟಿಲ ಹತ್ತಿರ ನಿಂತು ನಕ್ಕರು. ತಂಗಿಯ ಕೈಯಿಂದ ಶೇಂಗಾ ಉದುರಿತು. ಅವರು ಎದ್ದು ಬಂದು ಅಕ್ಕನ ಎರಡೂ ಗಲ್ಲ ಹಿಡಿದರು.

"ಅವ್ವ ಬಂದು ನಿಂತಂಗ ಆತಲ್ಲೇ."

ಅತ್ತೆಗೆ ಅರ್ಥವಾಗಲಿಲ್ಲ. "ಯಾವ ಅವ್ವ?"

"ನಮ್ಮವ್ವ. ನಿನ್ನ ಮಾರಿ ಪೂರಾ ನಮ್ಮವ್ವಂದ ಆಗ್ಯದ. ಅಕಿಗಿ ಕಡೀತನ ಹಲ್ಲ ಗಟ್ಟಿ ಇದ್ವು. ಹಿಂಗ ನಗ್ತಿದ್ಲು."

ಅವರ ತಾಯಿ ತೀರಿಕೊಂಡು ನಲವತ್ತು ವರ್ಷದ ಮೇಲಾಗಿದೆ. ಒಂದು ಫೋಟೋ ಕೂಡ ಇಲ್ಲ. ಅತ್ತೆ ಒಳಗೆ ಹೋಗಿ ಗೋಡೆಯ ಕನ್ನಡಿಯ ಮುಂದೆ ನಿಂತರು. ತಂಗಿ ಹಿಂದಿನಿಂದ, "ಜರಾ ಎಡಕ್ಕ ತಿರುಗು, ಈಗ ನಗು, ಹಾಂ, ಹಿಂಗ" ಎಂದು ಹೇಳುತ್ತಿದ್ದರು. ಅತ್ತೆ ಹೇಳಿದಂತೆಲ್ಲ ತಿರುಗುತ್ತಿದ್ದರು, ನಗುತ್ತಿದ್ದರು. ನಾನು ಫೋನು ತೆಗೆದು, ಅವರಿಬ್ಬರ ಫೋಟೋ ಹೊಡೆದೆ.